ಹುದುಗು

ಯೀಸ್ಟ್ ಪೊಟ್ಟಣಗಳನ್ನು ನಾನು ಇಡುವುದು
ಕಾಡತೂಸಿನ ಪಕ್ಕ, ಗಲ್ಲಾಪೆಟ್ಟಿಗೆಯ ಹಿಂದೆ, ಬೀಗ ಹಾಕಿ.
ಹೊಸಬರು ನಗುತ್ತಾರೆ.
ಹೋದ ವರ್ಷ ಬಂದ ಡೆನ್ಮಾರ್ಕಿನ ಮೇಷ್ಟ್ರು ಕೇಳಿದ್ದ:
"ಬ್ರೆಡ್ಡಿಗೂ ಲೈಸೆನ್ಸು ಬೇಕೇನು, ಡೋರ್ತೆ?"
ಒಂದು ಚಳಿಗಾಲ ಕಳೆಯಲಿ, ಆಮೇಲೆ ಮಾತಾಡೋಣ ಅಂದೆ.

ನಲವತ್ತೊಂದು ಮನೆ, ಒಂದು ಚರ್ಚು, ಒಂದು ಅಂಗಡಿ.
ಗ್ರೀನ್‌ಲ್ಯಾಂಡಿನ ಈ ಮೂಲೆಗೆ ನವೆಂಬರಿನ ಕೊನೆಗೆ
ಸೂರ್ಯ ಬರುವುದು ನಿಲ್ಲಿಸುತ್ತಾನೆ,
ಹಡಗೂ.
ಬಿಯರು ಮುಗಿದ ಮೇಲೆ ಸಕ್ಕರೆ ಕರಗತೊಡಗುತ್ತದೆ,
ಒಣದ್ರಾಕ್ಷಿ ಕರಗತೊಡಗುತ್ತದೆ,
ಯಾರ ಮನೆಯಿಂದಲೂ ಕೇಕು ಬೆಂದ ವಾಸನೆ ಬರುವುದಿಲ್ಲ.

ನನ್ನ ತಮ್ಮ ಎಸಾಯಸ್, ಹದಿನೇಳರವ,
ದೋಣಿಮನೆಯ ನೀಲಿ ಡ್ರಮ್ಮಿಗೆ ಅಪ್ಪನ ಕೋಟು ಹೊದಿಸಿ
ಬಸುರಿಯ ಹೊಟ್ಟೆಗೆ ಕಿವಿಯಿಟ್ಟ ಹಾಗೆ ಕಿವಿಯಿಟ್ಟು
ಪಿಸುಗುಡುತ್ತಿದ್ದ: ಬಂತು ಅಕ್ಕಾ, ಹುದುಗು ಬಂತು.
ಸಕ್ಕರೆ ಕದ್ದು ಕೊಟ್ಟವಳು ನಾನೇ.
ಹುದುಗುವುದೆಂದರೆ ಉಕ್ಕುವುದೂ ಹೌದು, ಅಡಗುವುದೂ ಹೌದು.
ಮಾರ್ಚಿನಲ್ಲಿ ಸಿಕ್ಕ,
ದೋಣಿಕಟ್ಟೆಯ ಕೆಳಗೆ, ಒಂದೇ ಬೂಟಿನಲ್ಲಿ.

ನಿನ್ನೆ ಪಾವಿಯಾ ಬಂದ. ಹದಿನೈದು. ಮೀಸೆಯ ಜಾಗದಲ್ಲಿ ಇಬ್ಬನಿ.
"ಎರಡು ಪೊಟ್ಟಣ. ಅಜ್ಜಿ ಬ್ರೆಡ್ಡು ಮಾಡ್ತಾಳಂತೆ."
ಕಣ್ಣು ನನ್ನ ಮೇಲಿರಲಿಲ್ಲ, ಚಾಕೊಲೇಟಿನ ಮೇಲೂ ಇರಲಿಲ್ಲ.
ಬಾಗಿಲಾಚೆ ಇನ್ನಿಬ್ಬರು, ಕಾಲು ಬದಲಿಸುತ್ತ.
ಇಲ್ಲ ಅನ್ನಬಹುದಿತ್ತು.
ಇಲ್ಲ ಅಂದರೆ ಒಣಗಿದ ಬ್ರೆಡ್ಡಿನ ಚೂರಿನಿಂದಲೇ ಹುಳಿ ಎಬ್ಬಿಸುತ್ತವೆ ಇವು;
ಪೆಟ್ರೋಲು ಮೂಸಿದ ವರ್ಷವೂ ನನಗೆ ನೆನಪಿದೆ.
ಕೊಟ್ಟೆ. ಚಿಲ್ಲರೆ ಎಣಿಸುತ್ತ ಅಂದೆ:
"ಏಳಕ್ಕೆ ಅಂಗಡಿ ಮುಚ್ಚಿ ಬರ್ತೇನೆ. ಬೆಣ್ಣೆ ನಂದು."

ಹೋದೆ. ನಾಯಿಗಳು ಎದ್ದು, ಸರಪಳಿ ಎಳೆದು, ಮತ್ತೆ ಮಲಗಿದವು.
ಒಲೆ ತಣ್ಣಗಿತ್ತು.
ರೆಬೆಕ್ಕಜ್ಜಿಯ ಬೆರಳು ವಾತಕ್ಕೆ ಸೊಟ್ಟಗಾಗಿ ಎರಡು ವರ್ಷ,
ಸೂಜಿ ಹಿಡಿಯಲಾರಳು, ಹಿಟ್ಟೆಲ್ಲಿ ನಾದಿಯಾಳು?
ಪಾವಿಯಾ ಗೋಡೆಗೆ ಗೋಡೆಯಾಗಿ ನಿಂತಿದ್ದ.
ನನ್ನ ಕೈಯ ಬೆಣ್ಣೆ ನೋಡಿದಳು ಮುದುಕಿ,
ಕೆಂಪೇರುತ್ತಿದ್ದ ಅವನ ಕಿವಿ ನೋಡಿದಳು,
ಜನ್ಮದಲ್ಲಿ ಸುಳ್ಳಾಡದ ಮುಖ ಹೊತ್ತು ಅಂದಳು:
"ಹೌದು, ನಾನೇ ಹೇಳಿದ್ದು. ಕೈ ತೊಳ್ಕೋ, ಹುಡುಗ."

ಸೀಲ್ ಸಿಗಿಯಲು ಬರುವ ಕೈಗೆ ಹಿಟ್ಟು ಬರಲಿಲ್ಲ,
ಮೊಣಕೈತನಕ ಅಂಟಿತು.
ಹೊರಗಿದ್ದ ಇಬ್ಬರನ್ನೂ ಕರೆದಳು ಅಜ್ಜಿ,
ಒಬ್ಬ ಒಲೆಗೆ, ಒಬ್ಬಳು ಪಾತ್ರೆಗೆ.
ಹಿಟ್ಟು ಯಾರದೋ ಕೋಟು ಹೊದ್ದು ಮಲಗಿತು.

ಆಮೇಲೆ ಒಂದು ತಾಸು, ಮಾಡಲು ಏನೂ ಇಲ್ಲದ ತಾಸು.
ಎಲ್ಲ ಶುರುವಾಗುವುದು ಇಂಥದೇ ತಾಸಿನಲ್ಲಲ್ಲವೇ.
ಹುಡುಗಿ ಕೇಳಿದಳು: "ನಿಮ್ಮ ತಮ್ಮ ಬಲು ತಮಾಷೆಯವನಂತೆ?"
ಇಪ್ಪತ್ತಾರು ವರ್ಷದಲ್ಲಿ ಅವನ ಬದುಕನ್ನು ಕೇಳಿದವರಿಲ್ಲ;
ಸಾವನ್ನಷ್ಟೇ, ಮಗ್ಗಿಯ ಹಾಗೆ, ಮಕ್ಕಳಿಗೆ ಒಪ್ಪಿಸುತ್ತಿದ್ದೆವು.
ಹೇಳಿದೆ: ಪಾದ್ರಿಯ ನಡಿಗೆ ಅಣಕಿಸುತ್ತಿದ್ದುದು,
ಕತ್ತಲಿಗೆ ಹೆದರುತ್ತಿದ್ದುದು, ಯಾರಿಗೂ ಹೇಳದೆ.
ಸಕ್ಕರೆಯ ಮಾತನ್ನೂ ಹೇಳಿದೆ.
ಒಲೆ ಮಾತ್ರ ಸದ್ದು ಮಾಡುತ್ತಿತ್ತು.

ಬ್ರೆಡ್ಡು ಒಂದು ಕಡೆ ಸೀದಿತ್ತು. ತಿಂದೆವು.
"ಪರವಾಗಿಲ್ಲ" ಅಂದಳು ಅಜ್ಜಿ, ಹಿಟ್ಟಿಗಿಂತ ಜಾಸ್ತಿ ಉಬ್ಬಿದ ಅವನು.

ಅಷ್ಟು ಹಿಟ್ಟಿಗೆ ಒಂದೇ ಪೊಟ್ಟಣ ಸಾಕಾಯಿತು.
ಇನ್ನೊಂದು ಅವನ ಜೇಬಿನಲ್ಲಿದೆ, ನನಗೆ ಗೊತ್ತು,
ನನಗೆ ಗೊತ್ತೆಂದು ಅವನಿಗೂ.
ಇವತ್ತು ಶುಕ್ರವಾರ. ಮಧ್ಯಾಹ್ನವೇ ಕತ್ತಲೆ.
ಬೆಣ್ಣೆ ಒಂದು ತೆಗೆದಿಟ್ಟಿದ್ದೇನೆ.
ಏಳಕ್ಕೆ ಅಂಗಡಿ ಮುಚ್ಚುತ್ತೇನೆ.