ಇಂದ, ವರೆಗೆ

ಸ್ವಾನ್ಸಿಯ ಕಡಲಿಗೆ ಬೆನ್ನು ಹಾಕಿದ ಆಫೀಸು,
ಹಿಂದೆ ಲಾಂಡ್ರಿ ಕೋಣೆ; ಗೋಡೆಗೆ ಇನ್ನೂ ಸೋಪಿನ ವಾಸನೆ.
ಆರೈಕೆಗೆ ಬಂದವರಿಗೆಲ್ಲ ಪಟ್ಟಿಯಲ್ಲಿ ತಲಾ ಒಂದೇ ಸಾಲು:
ಹೆಸರು, ಕೋಣೆ, ಇಂದ, ವರೆಗೆ.

ಅಡುಗೆಮನೆಯ ಗ್ಲೆನಿಸ್‌ಗೆ ಅದು ಸಾಲದು.
"ನಿನ್ನ ವರೆಗೆಯನ್ನು ಬೇಯಿಸೋಕಾಗುತ್ತಾ?
ಮಂಗಳವಾರ ಎಷ್ಟು ಬಟ್ಟಲು ಗಂಜಿ, ಅದು ಹೇಳು."

ಬಿಡಿಸಲು ಕೂತೆ.
ಇಡ್ರಿಸ್ ಪ್ಯೂ, ಕೋಣೆ ಹನ್ನೊಂದು,
ಫೆಬ್ರವರಿ ಇಪ್ಪತ್ತೇಳರಿಂದ ಮಾರ್ಚ್ ಐದರವರೆಗೆ.
ಇದರಿಂದ ಅದನ್ನು ಕಳೆದು ಏಳು ಅಂದಿತು ಯಂತ್ರ.
ಬೆರಳ ಗೆಣ್ಣಿಗೆ ಸಿಕ್ಕಿದ್ದು ಎಂಟು.
ಬೇಲಿಗೆ ಕಂಬ ಎಂಟಾದರೆ ನಡುವಿನ ಸಂದು ಏಳು;
ಅದು ಸಂದು ಎಣಿಸಿತ್ತು.
ಹೊರಟ ದಿನವೂ ಗಂಜಿ ಕುಡಿದೇ ಹೋದರಲ್ಲ ಮನುಷ್ಯ!
ಒಂದು ಕೂಡಿಸಿದೆ.

ಸೂತ್ರ ಹಿಡಿದು ಕೆಳಗೆಳೆದೆ,
ಶ್ಯಾವಿಗೆ ಒರಳಿಗೆ ಹಾಕಿದ ಒಂದು ಮುದ್ದೆ ಎಂಟು ಎಳೆಯಾಯಿತು.
ಇಡ್ರಿಸ್ ಪ್ಯೂ. ಇಡ್ರಿಸ್ ಪ್ಯೂ. ಇಡ್ರಿಸ್ ಪ್ಯೂ.
ಅದೇ ಹೆಸರು, ಅದೇ ಹನ್ನೊಂದು.
ಇಪ್ಪತ್ತೆಂಟರಂದು ಅವರು ಚಮಚ ಮುಟ್ಟಲಿಲ್ಲ.
ಇಪ್ಪತ್ತೊಂಬತ್ತು, ನಾಲ್ಕು ವರ್ಷಕ್ಕೊಮ್ಮೆ ಬರುವ ನೆಂಟ,
ಅಂದು ಹಲ್ಲಿನ ಸೆಟ್ಟು ಹಾಕಿಕೊಂಡು ಎರಡನೇ ಬಟ್ಟಲು ಕೇಳಿದರು.
ಮೂರನೇ ತಾರೀಖು, ಮಗಳಿಗೆ ಫೋನು ಹಚ್ಚು ಅಂದರು,
ನಂಬರು ಬಾಯಿಪಾಠ,
ಆ ನಂಬರಿನ ಮನೆ ಯಾವತ್ತೋ ಮಾರಿಹೋಗಿತ್ತು.
ಇದಕ್ಕೆಲ್ಲ ಕಾಲಮ್ಮಿಲ್ಲ.

ನಾಲ್ಕನೇ ಕೋಣೆಯವರು, ಯಾರೋ ತಿರುಗುಮುರುಗು ಟೈಪು ಮಾಡಿ,
ಬರುವ ಮೊದಲೇ ಹೊರಟುಹೋಗಿದ್ದರು. ತಿದ್ದಿದೆ.

ಮೆನ್ನಾ ಬೋವೆನ್, ಕೋಣೆ ಎರಡು:
ಇಂದ ಇದೆ. ವರೆಗೆ ಖಾಲಿ.
ಖಾಲಿಯನ್ನು ಸೊನ್ನೆ ಎಂದು ತಿಳಿದ ಯಂತ್ರ
ಬದುಕಿರುವ ಹೆಂಗಸನ್ನು ಸಾಲಿಲ್ಲದಂತೆ ನುಂಗಿತು.
"ಡಿಸೆಂಬರ್ ಮೂವತ್ತೊಂದು ಹಾಕು,
ಹೆಚ್ಚಾದದ್ದು ಆಮೇಲೆ ಅಳಿಸಿದರಾಯ್ತು," ಅಂದ ಮ್ಯಾನೇಜರ್ ಕ್ಲೈವ್,
ಒಳ್ಳೆಯವನೇ, ಲೆಕ್ಕದ ಮನುಷ್ಯ.
ವರ್ಷವಿಡೀ ಗಂಜಿ ಬರೆದಿಟ್ಟು
ಒಂದು ದಿನ ಕೂತು ಉಳಿದದ್ದನ್ನು ಅಳಿಸುವುದೆ?
ಕೈ ಬರಲಿಲ್ಲ.
ವರೆಗೆಯಲ್ಲಿ "ಇವತ್ತು" ಅಂತ ಹಾಕಿದೆ.

ಈಗ ದಿನಾ ಬೆಳಿಗ್ಗೆ ಹಾಳೆ ತೆರೆದರೆ
ಅವರ ಹೆಸರಿನ ಕೆಳಗೆ ಒಂದು ಸಾಲು ಮೊಳೆತಿರುತ್ತದೆ.
ಹಾಳೆಗೇನು, ಯಾರೂ ಹೇಳದಿದ್ದರೆ
ಅದು ಮೊಳೆಯುತ್ತಲೇ ಇರುತ್ತದೆ.
ಅದಕ್ಕೇ ಕೋಟು ಬಿಚ್ಚುವ ಮೊದಲು ಕೆಳಗಿಳಿದು
ಗ್ಲೆನಿಸ್‌ಳ ಕಟ್ಟೆಯ ಮೇಲೆ, ಹಬೆಯ ನಡುವೆ,
ಬಟ್ಟಲು ಎಣಿಸಿ ಬರುತ್ತೇನೆ.