ಚಿಲ್ಲರೆ

ಮಂಡ್ಯದಿಂದ ದುದ್ದಕ್ಕೆ ಹೋಗುವ ಏಳೂ ಇಪ್ಪತ್ತರ ಬಸ್ಸಿಗೆ
ಆರು ವರ್ಷದಿಂದ ನಾನೇ ಕಂಡಕ್ಟರು.
ಗಂಡಸರನ್ನು ಅವರು ಚಾಚುವ ನೋಟಿನ ಮೇಲೇ ಅಳೆಯುತ್ತೇನೆ.
ಹದಿನೆಂಟು ರೂಪಾಯಿ ಟಿಕೆಟ್ಟಿಗೆ ಐನೂರು ಹಿಡಿದು
ಮೀಸೆಯ ಮರೆಯಲ್ಲಿ ನಗುವವರು,
ಹೆಂಗಸರ ಸೀಟಿನಿಂದ ಎದ್ದದ್ದಕ್ಕೆ
ಮೂರು ಸ್ಟಾಪಿನವರೆಗೂ ಭಾಷಣ ಮಾಡುವವರು,
"ನಮ್ ಎದೆಗೂ ಒಂದ್ ಟಿಕೆಟ್ ಹರೀರಿ ಮೇಡಂ" ಎಂದು
ಹುಣಸೆಹಣ್ಣು ಚಪ್ಪರಿಸಿದಂತೆ ಮಾತಾಡುವವರು.

ನೀರುಗಂಟಿ ಬೋರೇಶ ಮಾತ್ರ
ಹದಿನೆಂಟನ್ನೂ ಎಣಿಸಿಕೊಂಡೇ ಹತ್ತುತ್ತಾನೆ.
ಅಂಗೈಯಲ್ಲಿ ಬೆಚ್ಚಗಾದ ನಾಣ್ಯ. ಒಂದೇ ಮಾತು: "ದುದ್ದ."

ಹೋದ ವರ್ಷ ನಾಲೆಗೆ ಕಾರು ಬಿದ್ದಾಗ
ತೂಬಿನ ಬೀಗದಕೈ ಸೊಂಟದಲ್ಲಿರುವಂತೆಯೇ ಹಾರಿದವನು.
ಇಬ್ಬರು ಮಕ್ಕಳನ್ನು, ಒಬ್ಬ ಅಜ್ಜಿಯನ್ನು
ಜುಟ್ಟು ಹಿಡಿದು, ಸೆರಗು ಹಿಡಿದು ದಡಕ್ಕೆ ಎಳೆದು ತಂದ.
ಮೂರನೆಯ ಮಗು ಮಾರನೆಯ ದಿನ ಸಿಕ್ಕಿತು,
ಎರಡು ಊರು ಕೆಳಗೆ.

ಆಗಸ್ಟ್ ಹದಿನೈದಕ್ಕೆ ಸ್ಟೇಡಿಯಮ್ಮಿನಲ್ಲಿ ಶಾಲು, ಪೇಟ,
'ಶೌರ್ಯ' ಎಂದು ಕೆತ್ತಿದ ಫಲಕ.
ಮಧ್ಯಾಹ್ನದ ಟ್ರಿಪ್ಪಿಗೆ ಬಂದ. ಪೇಟವನ್ನು ತೊಡೆಯ ಮೇಲೆ
ಸಂತೆಯಲ್ಲಿ ಕೊಂಡ ಕೋಳಿಯ ಹಾಗೆ ಅದುಮಿ ಹಿಡಿದಿದ್ದ,
ಎಲ್ಲಿ ಕೂಗಿಬಿಡುತ್ತದೋ ಎಂದು.
ಮೇಷ್ಟ್ರೊಬ್ಬರು "ಕಲಿ ಅಂದ್ರೆ ಇವ್ನು ಕಣ್ರಯ್ಯಾ" ಅಂದರು.
ಅವನು ಕಿಟಕಿಗೆ ತಿರುಗಿ ಕಬ್ಬಿನ ಗದ್ದೆ ನೋಡಿದ.

ನಮ್ಮವ್ವ ಅನ್ನುತ್ತಿದ್ದಳು, "ನುಗ್ಗೋದೇನು, ಗೂಳಿನೂ ನುಗ್ತದೆ ಕಣೇ.
ನೊಗಕ್ಕೆ ಬಗ್ಗೋ ಹೆಗಲು ನೋಡು."
ನೋಡುತ್ತಿದ್ದೆ, ಟಿಕೆಟ್ ಹರಿಯುವ ನೆವದಲ್ಲಿ.

ಕಾರ್ತೀಕದ ಒಂದು ಸಂಜೆ, ಕುಡಿದವನೊಬ್ಬ
ಎರಡು ರೂಪಾಯಿಗೆ ಜಗಳ ತೆಗೆದು ನನ್ನ ಬ್ಯಾಗಿಗೆ ಕೈಹಾಕಿದ.
ಪಟ್ಟಿ ಕಿತ್ತಿತು. ದಿನದ ಚಿಲ್ಲರೆಯೆಲ್ಲ
ಮೊರ ಜಾರಿದ ರಾಗಿಯ ಹಾಗೆ ಚೆಲ್ಲಾಡಿತು.
ಇಡೀ ಬಸ್ಸು ಬೋರೇಶನ ಕಡೆ ತಿರುಗಿತು:
"ಇಕ್ಲಾ ಒಂದು! ಪೇಟ ಇಕ್ಕುಸ್ಕಂಡಿಲ್ವಾ ನೀನು?"
ಅವನು ನನ್ನ ಮುಖ ನೋಡಿದ,
ಬೇಕಾ ಎಂದು ಕೇಳಿದ ಹಾಗಿತ್ತು.
ಬೇಡವೆಂದು ತಲೆಯಾಡಿಸಿದೆ.
ಸೀಟಿ ಊದಿ, ಕುಡುಕನ ಕತ್ತುಪಟ್ಟಿ ಹಿಡಿದು
ಆಲೆಮನೆ ತಿರುವಿನಲ್ಲಿ ನಾನೇ ಇಳಿಸಿದೆ.
ಇಳಿಸಿದ ಮೇಲೆ ಕೈ ನಡುಗಿತು.
ತಿರುಗಿದರೆ ಅವನ ಸೀಟು ಖಾಲಿ.

ಸೀಟುಗಳ ಕೆಳಗೆ ಮಂಡಿಯೂರಿ,
ಯಾರ್ಯಾರದೋ ಚಪ್ಪಲಿ, ಕೋಸಿನ ಮೂಟೆ, ಕಡಲೆಕಾಯಿ ಸಿಪ್ಪೆಯ ನಡುವೆ
ಉಸಿರು ಕಟ್ಟಿ ಕೈಯಾಡಿಸುತ್ತಿದ್ದ,
ಕಣ್ಣಿಗಿಂತ ಬೆರಳನ್ನು ನಂಬಿ.
ಎರಡು ಸ್ಟಾಪು ದಾಟಿದರೂ ಮೇಲೇಳಲಿಲ್ಲ.

ಟವೆಲ್ಲಿನಲ್ಲಿ ಗಂಟು ಕಟ್ಟಿ ತಂದ. "ಎಣಿಸ್ಕಳಿ."
ಮಿಷನ್ನಿನ ಲೆಕ್ಕಕ್ಕೆ ಐದು ರೂಪಾಯಿ ಕಮ್ಮಿ.
"ಒಂದು ಸಿಗ್ನಿಲ್ಲ" ಅಂದ.
"ಐದ್ ರೂಪಾಯಿ ತಾನೆ, ಬುಡಿ" ಅಂದೆ.
"ಎಷ್ಟ್ ತಡಕುದ್ರೂ ಒಂದು ಸಿಗ್ನಿಲ್ಲ" ಅಂದ ಮತ್ತೆ.
ಅವನ ಕಣ್ಣು ಬಸ್ಸಿನೊಳಗಿರಲಿಲ್ಲ.

ಮಾರನೆಯ ಬೆಳಿಗ್ಗೆ ನನ್ನ ಪರ್ಸಿನಿಂದಲೇ ಐದರ ನಾಣ್ಯ ತೆಗೆದು
ಬಸ್ಸಿನ ಚಕ್ರದ ದೂಳಲ್ಲಿ ಉಜ್ಜಿ ಉಜ್ಜಿ ಕೊಳೆ ಮಾಡಿದೆ.
"ಸಿಕ್ತು ನೋಡಿ, ಡಿಪೋದಲ್ಲಿ ಗುಡಿಸೋವಾಗ."
ಈಜು ಬಾರದೆ ಹಾರಿದ್ದೆ ನಾನು.
ಅವನು ನಾಣ್ಯ ತಿರುಗಿಸಿದ, ಹೆಬ್ಬೆರಳಿನಿಂದ ದೂಳು ಒರೆಸಿದ,
ನಂಬಿದ ಹಾಗೆ ಮಾಡಿದ.

"ಎಲ್ಲಿಗೆ?" ಅಂದೆ, ದಿನಾ ಕೇಳುವ ಹಾಗೆ.
ಹದಿನೆಂಟು ರೂಪಾಯಿ ಆಗಲೇ ನನ್ನ ಅಂಗೈಯಲ್ಲಿತ್ತು.
ಅವನು ಬಾಯಿ ತೆರೆದ, ದುದ್ದ ಅನ್ನುವುದು ಬಿಟ್ಟು
"ಊಟ ಆಯ್ತಾ?" ಅಂದ.
ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ.

ಹಿಂದಿನ ಸೀಟಿನ ಅಜ್ಜಿ ಕಿಸಕ್ಕನೆ ನಕ್ಕಳು.
ಸೀಟಿ ಊದುವುದು ಮರೆತು ನಿಂತಿದ್ದೆ.
ಡ್ರೈವರ್ ಮರಿಸಿದ್ದಯ್ಯ ಎರಡು ಸಲ ಹಾರ್ನ್ ಮಾಡಿದ.