ನಾಲ್ಕಿಂಚಿನ ತುಂಡುಗಳು

ಕಾಜುಬಾಗದ ಅಂಗಡಿಯವ ಕೊಟ್ಟ ಮೂರು ತುಂಡು
ಮಡಿಲಲ್ಲಿಟ್ಟುಕೊಂಡು ಕಾಳಿ ಸೇತುವೆ ದಾಟುವಾಗ
ಟೆಂಪೋದಲ್ಲಿ ಪಕ್ಕದವಳು ಕೇಳಿದಳು,
ಸಾಬೂನೇ? ಎಷ್ಟಕ್ಕೆ?
ಕಲ್ಲು, ಎಂದೆ.
ಆಮೇಲೆ, ಅಲ್ಲ, ಎಂದೆ.
ಒಂದು, ಕಲ್ಲಿನ ಹಿಟ್ಟಿಗೆ ಅಂಟು ಕಲಸಿ
ಒತ್ತಿ ಬೇಯಿಸಿದ್ದಂತೆ. ಹೆಸರು ಕ್ವಾರ್ಟ್ಜ್.
ಇನ್ನೊಂದು ಅಕ್ರಿಲಿಕ್, ಅಂಟೇ ಅದರ ಜೀವ.
ಮೂರನೆಯದು ನ್ಯಾನೋ, ಗಾಜಿನ ಜಾತಿ,
ಕಣ್ಣು ಕುಕ್ಕುವಷ್ಟು ಬಿಳಿ.
ಅವಳು ಮೂರನ್ನೂ ಮೂಸಿ ನೋಡಿ
ವಾಪಸು ಕೊಟ್ಟಳು.

ನಮ್ಮದು ನೆಲದ ಅಡುಗೆ.
ಮೆಟ್ಟುಗತ್ತಿ, ಮಣೆ, ಗ್ಯಾಸು ಬಂದ ಮೇಲೆ ಗ್ಯಾಸೂ
ಮೊಣಕಾಲಿನ ಕೆಳಗೇ.
ಮೂವತ್ತೊಂದು ವರ್ಷ ಕುಕ್ಕರಗಾಲಲ್ಲಿ ಕೂತು
ಬಂಗಡೆಯ ಹೊಟ್ಟೆ ಸೀಳಿದವಳಿಗೆ
ಎಕ್ಸರೇ ಬೆಳಕಿಗೆ ಹಿಡಿದು ಡಾಕ್ಟರು ಹೇಳಿದರು,
ಇನ್ನು ನಿಂತು ಮಾಡಿ.
ನಿಲ್ಲುವುದಕ್ಕೂ ಒಂದು ಕಟ್ಟೆ ಬೇಕಲ್ಲ.

ಕಿಟಕಿಯ ಹಲಗೆಯ ಮೇಲೆ ಸಾಲಾಗಿಟ್ಟು
ಪರೀಕ್ಷೆಗೆ ಕೂತೆವು, ನಾನೂ ಓರಗಿತ್ತಿ ಉಜ್ವಲಾಳೂ.
ಅರಿಸಿನ ಕದಡಿದ ಹುಳಿ. ಬಿರಿಂಡೆಯ ನೀರು.
ಸಂಜೆ ಹೊಯ್ದು ಬೆಳಗ್ಗೆ ಒರೆಸುವುದು.
ತಿಸ್ರೆ ಚಿಪ್ಪಿನ ಅಂಚಿನಿಂದ ಒಂದೊಂದು ಗೀರು.
ಕೊನೆಗೆ, ಇಶ್ವಾಣ ಹುರಿದ ಕಾವಲಿ
ಉರಿಯಿಂದಿಳಿಸಿ ಹಾಗೇ ಮೇಲಿಟ್ಟು ಎಣಿಸಿದೆ.
ಹನ್ನೊಂದಕ್ಕೆ ಉಜ್ವಲಾ ಕಿರುಚಿದಳು.

ಕ್ವಾರ್ಟ್ಜಿಗೆ ಹಳದಿ ಹತ್ತಲಿಲ್ಲ, ಚಿಪ್ಪು ನಾಟಲಿಲ್ಲ,
ಕಾವಲಿಯ ಜಾಗದಲ್ಲಿ ಮಾತ್ರ
ಚಹಾ ಬಣ್ಣದ ಅರೆಬಳೆ.
ನ್ಯಾನೋ ಯಾವುದಕ್ಕೂ ಮಿಸುಕಲಿಲ್ಲ.
ತೊಳೆಯುವಾಗ ಕೈಜಾರಿ
ಹಂಡೆಯ ಅಂಚಿಗೆ ತಾಗಿ ಮೂಲೆ ಹಾರಿತು.
ಆ ಚೂರು ಸಿಗಲೇ ಇಲ್ಲ,
ಎರಡು ದಿನ ಚಪ್ಪಲಿ ಹಾಕಿಕೊಂಡೇ ಅಡುಗೆ.
ಅಕ್ರಿಲಿಕ್ ಪಾಪ
ಸುಟ್ಟಿತು, ಗೀಚಿಸಿಕೊಂಡಿತು,
ಕೊಟ್ಟದ್ದನ್ನೆಲ್ಲ ಬೇಡವೆನ್ನದೆ ಹಿಡಿದುಕೊಂಡಿತು.

ಅಳತೆಗೆ ಬಂದ ಹಳಗಾದ ಇಮ್ತಿಯಾಜ್
ಕಿಸೆಯಿಂದ ಮರಳುಕಾಗದ ತೆಗೆದ.
ನೀರು ಮುಟ್ಟಿಸಿ ಸುತ್ತುಸುತ್ತು ತಿಕ್ಕಿದ.
ಸುಟ್ಟದ್ದು ಹೋಯಿತು, ಗೀರು ಹೋಯಿತು,
ನೋಡಿ ಅಕ್ಕಾ, ಏನೂ ಆಗಿಯೇ ಇಲ್ಲ.
ನನಗೆ ಅದೇ ಸರಿಬರಲಿಲ್ಲ.
ಅತ್ತೆಯ ಒರಳಿಗೆ ವರ್ಷಕ್ಕೊಮ್ಮೆ
ಉಳಿ ಹಿಡಿದವಳು ಬಂದು ಹಲ್ಲು ಮೂಡಿಸಿ ಹೋಗುತ್ತಿದ್ದಳು.
ನುಣುಪಾದ ಕಲ್ಲು ಅರೆಯುವುದಿಲ್ಲ,
ಬರೀ ಜಾರಿಸುತ್ತದೆ ಎನ್ನುತ್ತಿದ್ದಳು ಅತ್ತೆ,
ನನ್ನನ್ನೇ ನೋಡುತ್ತ.

ಕ್ವಾರ್ಟ್ಜಾದರೆ, ಎಂದ ಇಮ್ತಿಯಾಜ್,
ಅಂಗಳದಲ್ಲಿ ನೀರಿದೆಯಾ?
ನೀರು ಬಿಟ್ಟೇ ಕೊಯ್ಯಬೇಕು ಅದನ್ನ.
ಅಣ್ಣ ಗೋವೆಯಲ್ಲಿ ಆರು ವರ್ಷ ಒಣಗೇ ಕೊಯ್ದ.
ಅಷ್ಟು ಹೇಳಿ ಟೇಪು ಎಳೆದ.
ಅಣ್ಣ ಈಗ ಹೇಗಿದ್ದಾನೆಂದು
ಕೇಳಲು ಬಾಯಿ ಬರಲಿಲ್ಲ.
ಬಾವಿ ಇದೆ, ಪಂಪಿದೆ, ಎಂದೆ,
ಎಷ್ಟು ಹೊತ್ತು ಬೇಕಾದರೂ ಓಡಲಿ.

ಎತ್ತರ?
ಅಂಗಡಿಯವ ಕೇಳಿದ್ದು ಬಣ್ಣ,
ಅಂಚು ಗುಂಡೋ ಚೌಕೋ, ಮುಂಗಡ ಎಷ್ಟು.
ಇದನ್ನು ಯಾರೂ ಕೇಳಿರಲಿಲ್ಲ.
ಉಜ್ವಲಾಳ ಸೊಂಟ ನನ್ನ ಪಕ್ಕೆಲುಬಿಗೆ.
ಇಲ್ಲದ ಚಾಕು ಹಿಡಿದು, ಇಲ್ಲದ ಮೀನು ಕೊಯ್ಯುತ್ತ
ಇಬ್ಬರೂ ಗಾಳಿಯಲ್ಲಿ ಕೈಯಿಟ್ಟು ನಿಂತೆವು.
ಇಮ್ತಿಯಾಜ್ ನಗಲಿಲ್ಲ.
ಮೊಣಕೈಯ ಕೆಳಗೆ ಅಂಗೈಯಗಲ ಬಿಟ್ಟು
ಗೋಡೆಗೆ ಎರಡು ಪೆನ್ಸಿಲ್ ಗೆರೆ,
ನಡುವೆ ಮೂರಿಂಚು.

ಆ ಮೂರಿಂಚನ್ನು ಹಾಗೇ ಕಟ್ಟಿಸಿದೆವು.
ಎತ್ತರದ್ದು ಅವಳದು, ತಗ್ಗು ನನ್ನದು.
ಕೊಯ್ದ ದಿನ ಬೂದಿ ಬಣ್ಣದ ಕೆಸರು ತಟ್ಟೆಗಟ್ಟಲೆ ಇಳಿಯಿತು.
ಇಮ್ತಿಯಾಜ್ ಒಂದು ಚೂರೂ ಒಣಗಲು ಬಿಡದೆ
ಬಳಿದು ಗೋಣಿಗೆ ತುಂಬಿ ಒಯ್ದ.

ಅಕ್ರಿಲಿಕ್ ತುಂಡು ಕಿಟಕಿಯಲ್ಲೇ ಇದೆ,
ಗಾಳಿಗೆ ಹಾರುವ ಹಾಲಿನ ಚೀಟಿಗಳ ಮೇಲೆ.

ಇವತ್ತು ಮೊದಲ ಸಲ ನಿಂತು ಬಂಗಡೆ ಕೊಯ್ದೆ.
ಮೊಣಕಾಲು ಮಾತಾಡಲಿಲ್ಲ.
ಬೆಕ್ಕು ಮಾತ್ರ
ಹಳೆಯ ಮಣೆಯ ಜಾಗದೆದುರು ಕೂತೇ ಇತ್ತು,
ಇಷ್ಟು ವರ್ಷ ಮುಖಕ್ಕೆ ಮುಖ ಕೊಟ್ಟು ಕೂತವಳು
ಎಲ್ಲಿ ಹೋದಳೆಂದು.
ಕಿವಿರು ಬಿಟ್ಟೆ.
ಅಷ್ಟು ಮೇಲಿಂದ ಬಿದ್ದದ್ದನ್ನು
ಮೂಸದೆ
ಮೊದಲು ತಲೆಯೆತ್ತಿ ನೋಡಿತು.